ಹುದ್ದೆಯೆಂಬ ಅಮಾನತ್ತು: ಮೈಸೂರು ಸಂಸ್ಥಾನದ ಒಂದು ಪಾಠ

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಗುಣ ನೋಡಿ ಬೆಲೆ ಕಟ್ಟುತ್ತಾರೆ. ತಂದವನ ಬಂಧುಬಳಗವನ್ನು ವಿಚಾರಿಸುವುದಿಲ್ಲ. ಸರಕಾರಿ ಹುದ್ದೆಗೂ ಇದೇ ನ್ಯಾಯ ಸಲ್ಲಬೇಕೆಂಬ ಕೂಗು ಈ ನೆಲದಲ್ಲಿ ಹೊಸತಲ್ಲ.

ನಮ್ಮ ಸೀಮೆಯು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1883ರಿಂದ 1901ರವರೆಗೆ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ಶಿವನಸಮುದ್ರದ ವಿದ್ಯುತ್ ಯೋಜನೆಯ ಕೀರ್ತಿ ಅವರದು. ಆದರೆ ಮೇಲಿನ ಹುದ್ದೆಗಳು ಮದರಾಸು ಕಡೆಯ ಅವರ ಮಂದಿಗೇ ಹೋಗುತ್ತಿವೆಯೆಂದು ಸ್ಥಳೀಯರು ಆಕ್ಷೇಪಿಸಿದರು; ಪತ್ರಕರ್ತ ಎಂ. ವೆಂಕಟಕೃಷ್ಣಯ್ಯನವರೂ ಮೈಸೂರಿಗರ ಪರ ವಾದಿಸಿದರು. ಅದೇ ದಿವಾನರ ಕಾಲದಲ್ಲಿಯೇ, 1891ರಲ್ಲಿ, ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಆದರೆ ಇಂಗ್ಲಿಷ್ ಶಿಕ್ಷಣವೇ ಎಟುಕದ ಮನೆಗಳಿಗೆ ಪರೀಕ್ಷೆಯಿಂದ ಲಾಭವೇನು? 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯು, ಮುಸ್ಲಿಮರೂ ಸೇರಿದಂತೆ ಹಿಂದುಳಿದ ಸಮುದಾಯಗಳಿಗೆ ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ ಪಾಲು ದೊರೆಯಬೇಕೆಂದು ಶಿಫಾರಸು ಮಾಡಿತು.

ಮಕ್ಕಾ ವಿಜಯದ ದಿನ ಕಅಬಾದ ಕೀಲಿಕೈಯನ್ನು ಸ್ವಂತ ಕುಟುಂಬದವರೇ ಕೇಳಿದಾಗಲೂ ಪ್ರವಾದಿ(ಸ)ಯವರು ಅದನ್ನು ಉಸ್ಮಾನ್ ಬಿನ್ ತಲ್ಹಾರಿಗೇ ಮರಳಿಸಿದರು. ಹುದ್ದೆ ಅಮಾನತ್ತು. ಆದುದರಿಂದ ಅಧಿಕಾರಸ್ಥರ ಪಕ್ಷಪಾತವನ್ನು ಖಂಡಿಸುವ ನಾವು, ನಮ್ಮ ಮಸೀದಿಯ ಸಮಿತಿಗೂ ಮದ್ರಸದ ಶಿಕ್ಷಕ ಹುದ್ದೆಗೂ ಯಾರನ್ನು, ಏಕೆ ಆರಿಸುತ್ತಿದ್ದೇವೆಂದು ಮೊದಲು ಕೇಳಿಕೊಳ್ಳೋಣ.