ಪ್ರೊಫೆಸರ್ ಕಾರ್ ಕೈಬಿಟ್ಟ ಸಾಲುಗಳು

ರಾಷ್ಟ್ರಗಳ ನಡುವಣ ಯುದ್ಧ ಮತ್ತು ಶಾಂತಿಯನ್ನು ಕಾಲೇಜಿನಲ್ಲಿ ಒಂದು ಶಾಸ್ತ್ರವಾಗಿ ಕಲಿಸಬೇಕೆಂಬ ಆಲೋಚನೆ ಬಹಳ ಹಳೆಯದೇನಲ್ಲ. ಅದಕ್ಕೆಂದು ಜಗತ್ತಿನ ಮೊದಲ ಪ್ರಾಧ್ಯಾಪಕ ಪೀಠ ಸ್ಥಾಪನೆಯಾದದ್ದು 1919ರಲ್ಲಿ, ವೇಲ್ಸ್ ಸೀಮೆಯ ಕಡಲ ದಂಡೆಯಲ್ಲಿರುವ ಅಬರಿಸ್ಟ್‌ವಿತ್ ಎಂಬ ಸಣ್ಣ ಊರಿನಲ್ಲಿ. ಕಲ್ಲಿದ್ದಲ ಗಣಿಗಳಿಂದ ಸಿರಿವಂತವಾದ ಮನೆತನದ ಡೇವಿಡ್ ಡೇವೀಸ್ ಮತ್ತು ಆತನ ಇಬ್ಬರು ತಂಗಿಯರು, ಮಹಾಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ನೆನಪಿಗಾಗಿ 20,000 ಪೌಂಡುಗಳ ದತ್ತಿ ಕೊಟ್ಟರು. ಪೀಠಕ್ಕೆ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರ ಹೆಸರು ಬಂತು. ರಾಷ್ಟ್ರಸಂಘದ ಮೇಲೆ ಡೇವೀಸರಿಗೆ ಇದ್ದ ಭರವಸೆ ಭಕ್ತಿಗೆ ಸಮೀಪವಾದದ್ದು.

ಆ ಪೀಠವನ್ನು 1936ರಲ್ಲಿ ಏರಿದವರು ಎಡ್ವರ್ಡ್ ಹ್ಯಾಲೆಟ್ ಕಾರ್. ಇಪ್ಪತ್ತು ವರ್ಷ ಬ್ರಿಟನ್ನಿನ ವಿದೇಶಾಂಗ ಖಾತೆಯಲ್ಲಿ ದುಡಿದಿದ್ದವರು. 1919ರ ಪ್ಯಾರಿಸ್ ಶಾಂತಿ ಸಮ್ಮೇಳನವನ್ನು ಒಳಗಿನಿಂದ ಕಂಡವರು. ರೀಗಾ ನಗರದಲ್ಲಿದ್ದಾಗ ರಷ್ಯನ್ ಭಾಷೆ ಕಲಿತು, ಮುಂದೆ ದಾಸ್ತಯೇವ್‌ಸ್ಕಿಯ ಜೀವನಚರಿತ್ರೆ ಬರೆದವರು. ಡೇವೀಸರಿಗೆ ಈ ಆಯ್ಕೆ ಸುತರಾಂ ಒಪ್ಪಿಗೆಯಿರಲಿಲ್ಲ. ಅವರ ಆತಂಕ ಸುಳ್ಳಾಗಲೂ ಇಲ್ಲ. ದತ್ತಿಯ ಹಿಂದಿದ್ದ ನಂಬಿಕೆಯನ್ನೇ ಕಾರ್ ಆ ಪೀಠದಲ್ಲಿ ಕುಳಿತು ಅಲುಗಿಸಿದರು.

ಅದನ್ನು ಅಲುಗಿಸಿದ ಪುಸ್ತಕವೇ 'ಇಪ್ಪತ್ತು ವರ್ಷಗಳ ಬಿಕ್ಕಟ್ಟು'. ಹೊಟ್ಟೆ ತುಂಬಿದ ರಾಷ್ಟ್ರಗಳು ತಮ್ಮ ಹಿತವನ್ನೇ ಲೋಕಹಿತವೆಂದು ಸಾರುತ್ತವೆ, ಶಾಂತಿಯ ಉಪದೇಶದ ಬೆನ್ನಿಗೆ ಬಲದ ಲೆಕ್ಕಾಚಾರ ಇದ್ದೇ ಇರುತ್ತದೆ ಎಂಬುದು ಅದರ ವಾದದ ತಿರುಳು. ಪರರ ಆಳ್ವಿಕೆಯನ್ನು ಉಂಡ ನಮ್ಮಂಥವರಿಗೆ ಇದೇನೂ ಹೊಸ ಮಾತಲ್ಲ. ಆದರೆ ಆಳುವವರ ನಾಡಿನಲ್ಲೇ ಒಬ್ಬ ಪ್ರಾಧ್ಯಾಪಕರು ಹೀಗೆ ಬರೆದದ್ದು ಹೊಸದು.

ಎಡವಿದ್ದು ಮ್ಯೂನಿಕ್ಕಿನಲ್ಲಿ. 1938ರ ಸೆಪ್ಟೆಂಬರಿನಲ್ಲಿ ಚೆಕೊಸ್ಲೊವಾಕಿಯದ ಗಡಿನಾಡನ್ನು ಹಿಟ್ಲರನಿಗೆ ಬಿಟ್ಟುಕೊಟ್ಟ ಒಪ್ಪಂದವನ್ನು, ಯುದ್ಧವಿಲ್ಲದೆ ವ್ಯವಸ್ಥೆಯನ್ನು ಬದಲಿಸುವ ಕ್ರಮಕ್ಕೆ ಸಮೀಪದ ಉದಾಹರಣೆಯೆಂದು ಕಾರ್ ಮೆಚ್ಚಿಕೊಂಡರು. ಹಸ್ತಪ್ರತಿ ಅಚ್ಚಿಗೆ ಹೋದದ್ದು 1939ರ ಜುಲೈ ನಡುವಿನಲ್ಲಿ. ಅಷ್ಟು ಹೊತ್ತಿಗೆ ಜರ್ಮನ್ ಸೈನ್ಯ ಪ್ರಾಗ್ ನಗರವನ್ನು ಹೊಕ್ಕು ನಾಲ್ಕು ತಿಂಗಳಾಗಿತ್ತು! ಬಲವನ್ನು ಕಡೆಗಣಿಸಬೇಡಿರೆಂದು ಇತರರಿಗೆ ಎಚ್ಚರಿಕೆ ಕೊಟ್ಟವರು, ಬಲವುಳ್ಳವನ ಹಸಿವು ಎಷ್ಟೆಂಬುದನ್ನು ಅಳೆಯಲಿಲ್ಲ.

ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಸಾರಿದಾಗ ಪುಸ್ತಕ ಇನ್ನೂ ಕರಡಚ್ಚಿನಲ್ಲಿತ್ತು. ತಿದ್ದುವುದಕ್ಕೆ ಅವಕಾಶವಿತ್ತು. ಅವಸರದಲ್ಲಿ ಅಲ್ಲೊಂದು ಇಲ್ಲೊಂದು ಪದ ಬದಲಿಸಿ ಪ್ರಯೋಜನವಿಲ್ಲ, ಬರೆದದ್ದು ಬರೆದಂತೆಯೇ ಇರಲಿ ಎಂದು ಕಾರ್ ಮುನ್ನುಡಿಯಲ್ಲಿ ತಿಳಿಸಿದರು. ಅವರ ತೀರ್ಮಾನವನ್ನು ಒಪ್ಪದವರೂ ಈ ನಿಲುವಿಗೆ ತಲೆದೂಗಲೇಬೇಕು.

ಎರಡನೆಯ ಮುದ್ರಣ ಬಂದದ್ದು 1946ರಲ್ಲಿ. ಕಾಲ ಸರಿದಂತೆ ಮಸುಕಾದ ಎರಡು ಮೂರು ಭಾಗಗಳನ್ನು ತೆಗೆದಿದ್ದೇನೆ, ತಿರುಳಿನಲ್ಲಿ ಏನನ್ನೂ ಬದಲಿಸಿಲ್ಲ ಎಂದು ಅದರ ಮುನ್ನುಡಿಯಲ್ಲಿ ಹೇಳಿಕೊಂಡರು. ತೆಗೆದವುಗಳಲ್ಲಿ ಮ್ಯೂನಿಕ್ ಒಪ್ಪಂದದ ಮೆಚ್ಚಿಗೆಯೂ ಇತ್ತು. ಇದು ತಿರುಳಲ್ಲವೆಂಬುದನ್ನು ಒಪ್ಪುವುದು ಕಷ್ಟ. ಗ್ರಂಥದ ಸಿದ್ಧಾಂತವನ್ನು ಒರೆಗೆ ಹಚ್ಚಿದ್ದೇ ಆ ಸಾಲುಗಳಲ್ಲಿ.

ಮರುವರ್ಷ, 1947ರಲ್ಲಿ, ಕಾರ್ ಆ ಪೀಠವನ್ನು ತೊರೆದರು. ಸೋವಿಯತ್ ರಷ್ಯದ ಇತಿಹಾಸವನ್ನು ಹದಿನಾಲ್ಕು ಸಂಪುಟಗಳಲ್ಲಿ ಬರೆದು ಮುಗಿಸಿದರು. ಚರಿತ್ರೆಕಾರನು ಸಂಗತಿಗಳನ್ನು ಹೇಗೆ ಆರಿಸಿಕೊಳ್ಳುತ್ತಾನೆಂಬ ಬಗ್ಗೆ 1961ರಲ್ಲಿ ಕೇಂಬ್ರಿಜ್ಜಿನಲ್ಲಿ ಪ್ರಸಿದ್ಧವಾದ ಉಪನ್ಯಾಸಗಳನ್ನೂ ಕೊಟ್ಟರು. 1982ರಲ್ಲಿ ತೀರಿಕೊಂಡರು. ಪುಸ್ತಕ ಮಾತ್ರ ಮತ್ತೆ ಮತ್ತೆ ಅಚ್ಚಾಗುತ್ತ ಬಂದಿದೆ, ಬಹುಮಟ್ಟಿಗೆ 1946ರ ರೂಪದಲ್ಲಿ. ಬಿಟ್ಟುಹೋದ ಸಾಲುಗಳನ್ನು ಕಾಣಬೇಕೆನ್ನುವವರು 1939ರ ಪ್ರತಿಯನ್ನೇ ಹುಡುಕಿ ತೆಗೆಯಬೇಕು.