ಕಾರಿನ ಬಣ್ಣದ ಮೇಲಿನ ಹಳೆಯ ಮೇಣ ತೆಗೆಯುವಿಕೆ

ಕಾರಿನ ಬಣ್ಣದ ಮೇಲಿನ ಹಳೆಯ ಮೇಣ ತೆಗೆಯುವಿಕೆ ಎಂದರೆ, ವಾಹನದ ಹೊರಮೈಗೆ ಹಿಂದೆ ಹಚ್ಚಿದ್ದ ಮೇಣ, ಎಣ್ಣೆ ಹಾಗೂ ಸಿಲಿಕೋನ್ ಅಂಶಗಳನ್ನು ಹೊಸ ಮೇಣ, ರಕ್ಷಣಾ ಲೇಪನ ಅಥವಾ ಹೊಸ ಬಣ್ಣ ಹಚ್ಚುವ ಮೊದಲು ನಿವಾರಿಸುವ ಕ್ರಿಯೆ. ಹೊಸ ಲೇಪನವು ಎಷ್ಟು ಕಾಲ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಈ ಪೂರ್ವಸಿದ್ಧತೆಯನ್ನೇ ಅವಲಂಬಿಸಿದೆ.

ಬಣ್ಣದ ರಚನೆ

ಇಂದಿನ ಕಾರುಗಳ ಲೋಹದ ಮೇಲೆ ತುಕ್ಕುನಿರೋಧಕ ಪದರ, ಪ್ರೈಮರ್, ಬಣ್ಣದ ಪದರ ಮತ್ತು ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಇವೆಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್‌ಗಳಷ್ಟು ದಪ್ಪವಾಗಿರುತ್ತವೆ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮೇಣದ ಪದರವು ಇವೆಲ್ಲಕ್ಕಿಂತ ಬಹಳ ತೆಳುವಾದದ್ದು. ಆದ್ದರಿಂದ ಮೇಣವನ್ನು ಕರಗಿಸಿ ಒರೆಸಿ ತೆಗೆಯಬೇಕೇ ಹೊರತು ಬಲವಾಗಿ ಉಜ್ಜಿ ತೆಗೆಯುವುದು ಸೂಕ್ತವಲ್ಲ. ಒಮ್ಮೆ ಸವೆದ ಕ್ಲಿಯರ್ ಕೋಟ್ ಮತ್ತೆ ಬೆಳೆಯುವುದಿಲ್ಲ. ಅದು ಸವೆದುಹೋದರೆ ಆ ಭಾಗಕ್ಕೆ ಮರಳಿ ಬಣ್ಣ ಹೊಡೆಸುವುದೊಂದೇ ದಾರಿ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಹಳೆಯ ಕಾರುಗಳಲ್ಲಿ ಕ್ಲಿಯರ್ ಕೋಟ್ ಇಲ್ಲದ ಏಕಪದರದ ಬಣ್ಣ ಇರುವುದುಂಟು. ಇವುಗಳನ್ನು ಪಾಲಿಷ್ ಹಾಕಿ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣವೇ ಅಂಟುತ್ತದೆ.

ಮೇಣ ಮತ್ತು ಪಾಲಿಷ್

ಮಾರುಕಟ್ಟೆಯಲ್ಲಿ ‘ಪಾಲಿಷ್’ ಎಂಬ ಒಂದೇ ಮಾತನ್ನು ಎರಡು ಬೇರೆ ವಸ್ತುಗಳಿಗೆ ಬಳಸುವುದು ರೂಢಿ. ನಿಜವಾದ ಪಾಲಿಷ್‌ನಲ್ಲಿ ಸೂಕ್ಷ್ಮವಾದ ಕಣಗಳಿದ್ದು, ಅವು ಮೇಲ್ಮೈಯನ್ನು ಅಲ್ಪಪ್ರಮಾಣದಲ್ಲಿ ಸವೆಸಿ ಗೀರುಗಳನ್ನು ತಗ್ಗಿಸುತ್ತವೆ. ಮೇಣವು ಏನನ್ನೂ ಸವೆಸದೆ ಮೇಲ್ಮೈಯನ್ನು ಹೊದಿಸುತ್ತದೆ. ಬಳಕೆಯಲ್ಲಿರುವ ಹೊದಿಕೆಗಳು ಮುಖ್ಯವಾಗಿ ಮೂರು ಬಗೆಯವು.

ನೈಸರ್ಗಿಕ ಮೇಣ: ಈಶಾನ್ಯ ಬ್ರೆಜಿಲ್‌ನ ಒಂದು ಜಾತಿಯ ತಾಳೆಮರದ ಎಲೆಗಳಿಂದ ದೊರೆಯುವ ಕಾರ್ನೌಬ ಮೇಣ ಇವುಗಳಲ್ಲಿ ಪ್ರಸಿದ್ಧ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಕಾರ್ನೌಬ ಕರಗಲು 80 ಡಿಗ್ರಿಗಿಂತ ಹೆಚ್ಚಿನ ಉಷ್ಣ ಬೇಕು. ಇದು ಕೆಲವು ವಾರಗಳಿಂದ ಎರಡು ಮೂರು ತಿಂಗಳವರೆಗೆ ಉಳಿಯುತ್ತದೆ.

ಕೃತಕ ಪಾಲಿಮರ್ ಲೇಪನ: ಇದು ಮೇಣಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ತೆಗೆಯುವುದೂ ಹೆಚ್ಚು ಕಷ್ಟ.

ಸೆರಾಮಿಕ್ ಲೇಪನ: ಸಿಲಿಕಾ ಆಧಾರಿತವಾದ ಇದು ಬಣ್ಣಕ್ಕೆ ಬಿಗಿಯಾಗಿ ಬೆಸೆದುಕೊಳ್ಳುವುದರಿಂದ ದ್ರಾವಕಗಳಿಗೆ ಬಗ್ಗುವುದಿಲ್ಲ. ಪಾಲಿಷ್‌ನಿಂದ ಸವೆಸಿಯೇ ತೆಗೆಯಬೇಕಾಗುತ್ತದೆ.

ತೆಗೆಯಬೇಕಾದ ಕಾರಣ

ಹಳೆಯ ಮೇಣದ ಮೇಲೆ ಅದೇ ಬಗೆಯ ಮೇಣ ಹಚ್ಚಿದರೆ ದೊಡ್ಡ ಹಾನಿಯಿಲ್ಲ. ಆದರೆ ನಡುವೆ ಸಿಲುಕಿದ ಧೂಳು ಹೊಳಪನ್ನು ಕುಂದಿಸುತ್ತದೆ. ಪಾಲಿಮರ್ ಅಥವಾ ಸೆರಾಮಿಕ್ ಲೇಪನದ ವಿಷಯ ಬೇರೆ. ಅವು ಬಣ್ಣವನ್ನು ನೇರವಾಗಿ ಮುಟ್ಟಬೇಕು. ಮೇಣವು ಅಡ್ಡಬಂದರೆ, ದುಬಾರಿ ಲೇಪನವೂ ಬೇಗನೆ ಎದ್ದುಹೋಗುತ್ತದೆ.

ಹೊಸ ಬಣ್ಣ ಹೊಡೆಯುವಾಗ ಪರಿಣಾಮ ಇನ್ನೂ ತೀವ್ರ. ಮೇಣ ಅಥವಾ ಸಿಲಿಕೋನ್ ಉಳಿದ ಜಾಗದಿಂದ ಹಸಿ ಬಣ್ಣವು ಹಿಂದೆ ಸರಿದು ಮೀನಿನ ಕಣ್ಣಿನಂತಹ ದುಂಡು ಗುಳಿಗಳು ಮೂಡುತ್ತವೆ. ಮೇಣ ತೆಗೆಯದೆ ಉಪ್ಪುಕಾಗದದಿಂದ ಉಜ್ಜಿದರೆ ಮೇಣವು ಗೀರುಗಳೊಳಗೆ ಇಳಿಯುತ್ತದೆ. ಆದ್ದರಿಂದ ಬಣ್ಣದ ಕೆಲಸದಲ್ಲಿ ಮೇಣ ತೆಗೆಯುವುದು ಮೊದಲು, ಉಜ್ಜುವುದು ಅನಂತರ.

ವಿಧಾನ

1. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ತಗಡು ತಣ್ಣಗಾದ ಮೇಲೆ ಕೆಲಸ ಆರಂಭಿಸಬೇಕು. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಯೋಗ್ಯ. ಕಾದ ತಗಡಿನ ಮೇಲೆ ದ್ರಾವಕವು ಒರೆಸುವ ಮೊದಲೇ ಆರುತ್ತದೆ.

2. ಮೊದಲು ನೀರೆರೆದು ಧೂಳನ್ನು ಇಳಿಸಿ, ಬಳಿಕ ಶಾಂಪೂ ಹಾಕಿ ತೊಳೆಯಬೇಕು. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಶುದ್ಧ ನೀರು ಇರಬೇಕು.

3. ಬೆರಳಿಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮೇಲ್ಮೈಯನ್ನು ಸವರಿದಾಗ ತರಿತರಿಯಾಗಿ ತೋರಿದರೆ, ಅಂಟಿದ ಕಣಗಳಿವೆ ಎಂದು ತಿಳಿಯಬೇಕು. ಅಲ್ಲಿ ಶಾಂಪೂ ನೀರು ಸಿಂಪಡಿಸಿ ಕ್ಲೇ ಬಾರ್ ಎಂಬ ಮೆದುವಾದ ಮುದ್ದೆಯನ್ನು ಹಗುರವಾಗಿ ಆಡಿಸಬೇಕು. ನೆಲಕ್ಕೆ ಬಿದ್ದ ಮುದ್ದೆಯನ್ನು ಮತ್ತೆ ಬಳಸಬಾರದು. ಅದಕ್ಕಂಟಿದ ಮರಳು ಬಣ್ಣವನ್ನು ಗೀರುತ್ತದೆ.

4. ಮೇಣ ನಿವಾರಕ ದ್ರಾವಕವನ್ನು ಬಟ್ಟೆಗೆ ಹಾಕಿ, ಒಂದೊಂದೇ ಸಣ್ಣ ಭಾಗವನ್ನು ಒರೆಸಬೇಕು. ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಎತ್ತಬೇಕು. ತಾನಾಗಿ ಆರಲು ಬಿಟ್ಟರೆ ಕರಗಿದ ಮೇಣವು ಮತ್ತೆ ಅಲ್ಲಿಯೇ ಕೂರುತ್ತದೆ.

5. ಹೊಸ ಲೇಪನಕ್ಕೆ ಮುಂಚೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಉಳಿದ ಎಣ್ಣೆಯಂಶವನ್ನು ತೆಗೆಯುವುದು ವಾಡಿಕೆ.

ಪರೀಕ್ಷೆ

ತೊಳೆದ ಮೇಲ್ಮೈಗೆ ಪೈಪಿನಿಂದ ಮೆಲ್ಲಗೆ ನೀರು ಬಿಡಬೇಕು. ನೀರು ದುಂಡು ಹನಿಗಳಾಗಿ ನಿಂತರೆ ಹೊದಿಕೆ ಉಳಿದಿದೆ. ಹಾಳೆಯಂತೆ ಹರಡಿಕೊಂಡರೆ ಬಹುತೇಕ ಹೋಗಿದೆ. ಕೊಳೆಯಿದ್ದಾಗ ಮೇಣವಿದ್ದರೂ ನೀರು ಹರಡುವುದರಿಂದ, ತೊಳೆಯದೆ ಮಾಡಿದ ಪರೀಕ್ಷೆ ನಂಬಲರ್ಹವಲ್ಲ.

ತಪ್ಪು ವಿಧಾನಗಳು ಮತ್ತು ಎಚ್ಚರಿಕೆ

ಸೀಮೆಎಣ್ಣೆ ಮೇಣವನ್ನು ಕರಗಿಸುತ್ತದೆಯಾದರೂ ತಾನೇ ಒಂದು ಎಣ್ಣೆಯ ಪದರವನ್ನು ಉಳಿಸುತ್ತದೆ. ಪೆಟ್ರೋಲ್‌ನ ಆವಿ ಸಾಮಾನ್ಯ ಉಷ್ಣತೆಯಲ್ಲಿಯೇ ಕಿಡಿ ತಗುಲಿ ಹೊತ್ತಿಕೊಳ್ಳುವುದರಿಂದ ಅದನ್ನು ಎಂದಿಗೂ ಬಳಸಬಾರದು. ಥಿನ್ನರ್ ಬಳಸಿದರೆ, ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆದ ಭಾಗಗಳು ಮೆತ್ತಗಾಗಿ ಏಳಬಹುದು. ಪಾತ್ರೆ ತೊಳೆಯುವ ಸಾಬೂನಿನಿಂದ ಮೇಣವು ಭಾಗಶಃ ಮಾತ್ರ ಹೋಗುತ್ತದೆ.

ಮೇಣ ನಿವಾರಕ ಮತ್ತು ಆಲ್ಕೋಹಾಲ್ ಎರಡೂ ಬೆಂಕಿಗೆ ಹೊತ್ತಿಕೊಳ್ಳುವ ವಸ್ತುಗಳು. ಗಾಳಿಯಾಡುವ ಸ್ಥಳದಲ್ಲಿ, ಕೈಗವಸು ಧರಿಸಿ, ಬೀಡಿ, ಸಿಗರೇಟು, ದೀಪಗಳಿಂದ ದೂರವಿದ್ದು ಬಳಸಬೇಕು. ಒರೆಸಿದ ಬಟ್ಟೆಗಳನ್ನು ಮುಚ್ಚಿದ ಕಾರಿನಲ್ಲಿ ಇಡಬಾರದು.

ಕರ್ನಾಟಕದಲ್ಲಿ

ಬೆಳಗಾವಿ ಜಿಲ್ಲೆಯ ಘೋಡಗೇರಿ ಹಾಗೂ ಸುತ್ತಲಿನ ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗ ಕಬ್ಬು ಬೆಳೆಯುವ ಸೀಮೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಓಡಾಟದಿಂದ ಏಳುವ ಧೂಳು ವಾಹನಗಳ ಮೇಲೆ ಕೂರುತ್ತದೆ. ಇಂತಹ ಧೂಳನ್ನು ಒಣಬಟ್ಟೆಯಿಂದ ಒರೆಸುವ ರೂಢಿಯೇ ಗೀರುಗಳಿಗೆ ಮುಖ್ಯ ಕಾರಣ. ಕೊಳವೆಬಾವಿಯ ಗಡಸು ನೀರು ಆರಿದಾಗ ಬಿಳಿಯ ಸುಣ್ಣದ ಕಲೆಗಳು ಉಳಿಯುತ್ತವೆ. ಇವು ಮೇಣವಲ್ಲ; ನೀರು ಬೆರೆಸಿದ ವಿನೆಗರ್‌ಗೆ ಕರಗುತ್ತವೆ. ಮಹಾನವಮಿಯ ಖಂಡೇಪೂಜೆಗೆ ವಾಹನ ತೊಳೆದು ಹೊಳಪು ಕೊಡುವುದು ವಾಡಿಕೆಯಾದ್ದರಿಂದ, ಹಳೆಯ ಮೇಣ ತೆಗೆಯಲು ಅದು ಅನುಕೂಲವಾದ ಸಮಯ. ಪೂಜೆಯ ಬಳಿಕ ಕುಂಕುಮ, ಅರಿಸಿನ ಮತ್ತು ಎಣ್ಣೆಯ ಗುರುತುಗಳನ್ನು ಬೇಗ ತೊಳೆಯುವುದು ಒಳಿತು.

ಈ ಕೆಲಸಕ್ಕೆ ನೀರು ಹೆಚ್ಚು ಬೇಕಾಗುತ್ತದೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಉಂಟಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ರೂ. 5,000 ದಂಡವನ್ನು ಗೊತ್ತುಪಡಿಸಿತ್ತು. ಪೈಪಿನ ಬದಲು ಬಕೆಟ್ ಬಳಸುವುದು ನೀರಿನ ಮಿತಬಳಕೆಗೆ ಸುಲಭವಾದ ಮಾರ್ಗ.