ಸಿದ್ಧ ಫೋಟೊದ ವ್ಯಾಪಾರ: ಬಾಡಿಗೆಯಿಂದ ಪುಕ್ಕಟೆಗೆ

ಇಂಥದೇ ಗಿರಾಕಿಗೆಂದು ತೆಗೆಯದೆ, ಮುಂದೆ ಯಾರಾದರೂ ಕೊಂಡಾರು ಎಂದು ತೆಗೆದಿಡುವ ಫೋಟೊವನ್ನು ಸ್ಟಾಕ್ ಫೋಟೊ ಎನ್ನುತ್ತಾರೆ. ಈ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟದ್ದು ಕ್ಯಾಮೆರಾಕ್ಕಿಂತ ಹೆಚ್ಚಾಗಿ ಅಚ್ಚುಕೂಟ. ಹತ್ತೊಂಬತ್ತನೆಯ ಶತಮಾನದ ಬಹುಕಾಲ ಪತ್ರಿಕೆಗಳು ಫೋಟೊವನ್ನು ನೇರವಾಗಿ ಮುದ್ರಿಸಲಾರದೆ, ಅದನ್ನು ನೋಡಿಕೊಂಡು ಮರದ ಅಚ್ಚಿನಲ್ಲಿ ಕೆತ್ತಿಸುತ್ತಿದ್ದವು. ಛಾಯೆಗಳನ್ನು ಸಣ್ಣ ಚುಕ್ಕೆಗಳಾಗಿ ಒಡೆದು ಅಕ್ಷರದ ಜೊತೆಗೇ ಒತ್ತುವ ಹಾಫ್‌ಟೋನ್ ಬ್ಲಾಕು 1880ರ ದಶಕದಲ್ಲಿ ಬಳಕೆಗೆ ಬಂತು, ಮುಂದಿನ ದಶಕದಲ್ಲಿ ಅಗ್ಗವೂ ಆಯಿತು. ಅಲ್ಲಿಂದಾಚೆಗೆ ಪತ್ರಿಕೆಗೆ, ಜಾಹೀರಾತಿಗೆ, ಕ್ಯಾಲೆಂಡರಿಗೆ ಎಲ್ಲಕ್ಕೂ ಫೋಟೊ ಬೇಕಾಯಿತು.

ಕೈಗೆ ಸಿಕ್ಕಿದ ಫೋಟೊವನ್ನು ಕೇಳದೆ ಬಳಸುವ ಚಾಳಿಯೂ ಜೊತೆಗೇ ಬೆಳೆಯಿತು. ನ್ಯೂಯಾರ್ಕ್ ರಾಜ್ಯದ ಫ್ರಾಂಕ್ಲಿನ್ ಮಿಲ್ಸ್ ಎಂಬ ಹಿಟ್ಟಿನ ಗಿರಣಿ, ಒಬ್ಬ ತರುಣಿಯ ಭಾವಚಿತ್ರವನ್ನು ಅವಳ ಅರಿವಿಗೇ ತಾರದೆ ತನ್ನ ಜಾಹೀರಾತಿಗೆ ಹಾಕಿತು. ಸುಮಾರು 25,000 ಪ್ರತಿಗಳು ಅಂಗಡಿ, ಗೋದಾಮು, ಹೆಂಡದಂಗಡಿಗಳ ಗೋಡೆ ಏರಿದವು. ಆಕೆ 15,000 ಡಾಲರ್ ಪರಿಹಾರ ಕೇಳಿ ದಾವೆ ಹೂಡಿದಳು. 1902ರಲ್ಲಿ ರಾಜ್ಯದ ಉಚ್ಚತಮ ನ್ಯಾಯಪೀಠ, ತನ್ನ ಚಿತ್ರದ ಬಳಕೆಯನ್ನು ತಡೆಯುವ ಹಕ್ಕೊಂದು ಕಾನೂನಿನಲ್ಲೇ ಇಲ್ಲವೆಂದು ನಾಲ್ಕಕ್ಕೆ ಮೂರರ ಬಹುಮತದಿಂದ ದಾವೆಯನ್ನು ತಳ್ಳಿಹಾಕಿತು. ಜನ ಸಿಡಿದೆದ್ದರು. ಮರುವರ್ಷವೇ ಶಾಸನಸಭೆ ಕಾನೂನು ತಂದು, ವ್ಯಾಪಾರಕ್ಕಾಗಿ ಯಾರ ಹೆಸರನ್ನು, ಚಿತ್ರವನ್ನು ಬಳಸುವುದಿದ್ದರೂ ಲಿಖಿತ ಒಪ್ಪಿಗೆ ಬೇಕೆಂದಿತು. ಒಂದು ಫೋಟೊದ ಮೇಲೆ ತೆಗೆದವರ ಹಕ್ಕು ಬೇರೆ, ಅದರಲ್ಲಿ ಕಾಣುವವರ ಹಕ್ಕು ಬೇರೆ ಎಂಬುದು ಹೀಗೆ ಇತ್ಯರ್ಥವಾಯಿತು. ಮುಂದಿನ ನೂರು ವರ್ಷಗಳಲ್ಲಿ ಮೊದಲನೆಯದರ ಬೆಲೆ ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂತು. ಎರಡನೆಯದು ಇದ್ದಲ್ಲೇ ಇದೆ.

ಫಿಲಡೆಲ್ಫಿಯಾದಲ್ಲಿ ಎಚ್. ಆರ್ಮ್‌ಸ್ಟ್ರಾಂಗ್ ರಾಬರ್ಟ್ಸ್ 1920ರಲ್ಲಿ ಆರಂಭಿಸಿದ ಸಂಸ್ಥೆಯನ್ನು ಈ ವ್ಯಾಪಾರದ ಮೊದಲಿಗರಲ್ಲಿ ಎಣಿಸುತ್ತಾರೆ. ವಿಮಾನದ ಮುಂದೆ ನಿಂತ ಗುಂಪೊಂದರ ಫೋಟೊ ತೆಗೆದ ರಾಬರ್ಟ್ಸ್, ಅದರಲ್ಲಿದ್ದ ಪ್ರತಿಯೊಬ್ಬರಿಂದಲೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ಆ ಕಾಗದದ ಬಲದಿಂದಲೇ ಒಂದು ಫೋಟೊವನ್ನು ಹತ್ತು ಕಡೆ ಮಾರಲು ಬಂತು. 1935ರಲ್ಲಿ ನಾಜಿ ಜರ್ಮನಿಯಿಂದ ಎರಡು ಟ್ರಂಕುಗಳ ತುಂಬ ಚಿತ್ರ ಹೊತ್ತು ನ್ಯೂಯಾರ್ಕಿಗೆ ಬಂದ ಓಟೊ ಬೆಟ್‌ಮನ್, ಮರುವರ್ಷ ತಮ್ಮದೇ ಭಂಡಾರ ತೆರೆದರು. ಇಂಥ ಭಂಡಾರಗಳಲ್ಲಿ ಫೋಟೊ ಮಾರಾಟಕ್ಕಿರಲಿಲ್ಲ, ಬಾಡಿಗೆಗಿತ್ತು. ಎಷ್ಟು ದೊಡ್ಡದಾಗಿ ಅಚ್ಚಾಗುತ್ತದೆ, ಎಷ್ಟು ಪ್ರತಿ, ಯಾವ ದೇಶದಲ್ಲಿ, ಎಷ್ಟು ತಿಂಗಳು ಎಂದು ಲೆಕ್ಕ ಹಾಕಿ ದರ ಹೇಳುತ್ತಿದ್ದರು. ಎರಡನೆಯ ಮುದ್ರಣಕ್ಕೆ ಮತ್ತೆ ಹಣ ಕೊಡಬೇಕಿತ್ತು. ಇದಕ್ಕೆ ಅಪವಾದವೂ ಉಂಟು: ವಿಂಡೋಸ್ ಎಕ್ಸ್‌ಪಿಯ ಪರದೆಯ ಮೇಲೆ ಒಂದು ಕಾಲಕ್ಕೆ ಪ್ರತಿ ಸೈಬರ್ ಕೆಫೆಯಲ್ಲೂ ಕಾಣುತ್ತಿದ್ದ ಹಸಿರು ಗುಡ್ಡವೂ ಸ್ಟಾಕ್ ಫೋಟೊವೇ. ಚಾರ್ಲ್ಸ್ ಓ'ರಿಯರ್ 1996ರಲ್ಲಿ ಕ್ಯಾಲಿಫೋರ್ನಿಯಾದ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ತೆಗೆದ ಅದನ್ನು ಮೈಕ್ರೋಸಾಫ್ಟ್ ಪೂರ್ತಿ ಹಕ್ಕಿನೊಂದಿಗೆ ಕೊಂಡುಕೊಂಡಿತು.

ಭಾರತದ ಸಣ್ಣ ಅಂಗಡಿಗೆ ಈ ಬಾಡಿಗೆ ಎಟುಕುವಂಥದಾಗಿರಲಿಲ್ಲ. ಅದಕ್ಕೆ ಬೇಕಾದ ಸಿದ್ಧಚಿತ್ರ ಶಿವಕಾಶಿಯಿಂದ ಬರುತ್ತಿತ್ತು. ಏಜೆಂಟನ ಆಲ್ಬಮ್ಮಿನಲ್ಲಿ ಲಕ್ಷ್ಮಿಯನ್ನೋ ಬಾಲಕೃಷ್ಣನನ್ನೋ ಆರಿಸಿದರೆ, ಕ್ಯಾಲೆಂಡರಿನ ಖಾಲಿ ಪಟ್ಟಿಯಲ್ಲಿ ಅಂಗಡಿಯ ಹೆಸರು, ವಿಳಾಸ ಅಚ್ಚಾಗುತ್ತಿತ್ತು. ಕಲಬುರಗಿಯ ಎಸ್.ಎಂ. ಪಂಡಿತರಂಥ ಕಲಾವಿದರ ಪೌರಾಣಿಕ ಚಿತ್ರಗಳು ಮನೆಮನೆಯ ಗೋಡೆಗೆ ಬಂದದ್ದು ಕ್ಯಾಲೆಂಡರುಗಳ ಮೂಲಕವೇ. ಎದುರುಬದುರಿನ ಎರಡು ಜವಳಿ ಅಂಗಡಿಗಳು ಒಂದೇ ಲಕ್ಷ್ಮಿಯನ್ನು ಹಂಚಿದರೂ ಯಾರಿಗೂ ಬೇಸರವಿರಲಿಲ್ಲ. ಫೋಟೊದಲ್ಲಿ ಹಾಗಾದರೆ ಮುಜುಗರ. 2004ರಲ್ಲಿ ಡೆಲ್ ಮತ್ತು ಗೇಟ್‌ವೇ ಎಂಬ ಪೈಪೋಟಿಯ ಕಂಪ್ಯೂಟರ್ ಕಂಪನಿಗಳೆರಡರ ಜಾಹೀರಾತಿನಲ್ಲೂ ಒಬ್ಬಳೇ ವಿದ್ಯಾರ್ಥಿನಿ ಕಾಣಿಸಿಕೊಂಡು ಎರಡೂ ನಗೆಗೀಡಾದವು.

ಬಾಡಿಗೆ ಪದ್ಧತಿಯನ್ನು ಮುರಿದದ್ದು ಸಿಡಿ. ಸಿಯಾಟಲ್‌ನ ಫೋಟೊಡಿಸ್ಕ್ 1990ರ ದಶಕದ ಆರಂಭದಲ್ಲಿ ನೂರಾರು ಫೋಟೊಗಳನ್ನು ಒಂದೇ ಸಿಡಿಯಲ್ಲಿ ತುಂಬಿ ಮಾರಿತು. ಒಮ್ಮೆ ಹಣ ಕೊಟ್ಟರೆ ಎಷ್ಟು ಸಲ ಬೇಕಾದರೂ ಬಳಸಬಹುದಿತ್ತು. ಇತ್ತ 1995ರಲ್ಲಿ ಮಾರ್ಕ್ ಗೆಟ್ಟಿ ಮತ್ತು ಜೊನಾಥನ್ ಕ್ಲೈನ್ ಹಳೆಯ ಭಂಡಾರಗಳನ್ನು ಕೊಳ್ಳತೊಡಗಿದ್ದರು. ಕೆಲವೇ ವರ್ಷಗಳಲ್ಲಿ ಫೋಟೊಡಿಸ್ಕ್ ಕೂಡ ಗೆಟ್ಟಿ ಇಮೇಜಸ್‌ನ ಭಾಗವಾಯಿತು. 2000ದಲ್ಲಿ ಕೆನಡಾದ ಕ್ಯಾಲ್ಗರಿಯ ಬ್ರೂಸ್ ಲಿವಿಂಗ್‌ಸ್ಟನ್ ಐಸ್ಟಾಕ್‌ಫೋಟೊ ತೆರೆದಾಗ ಅದು ಮೊದಲಿಗೆ ಪೂರ್ತಿ ಪುಕ್ಕಟೆ. ಸರ್ವರಿನ ಖರ್ಚು ಏರಿದ ಮೇಲೆ ಒಂದು ಫೋಟೊಗೆ ಚಿಲ್ಲರೆ ಕಾಸಿನ ದರ ಬಂತು. ಡಿಜಿಟಲ್ ಕ್ಯಾಮೆರಾ ಹಿಡಿದ ಹವ್ಯಾಸಿಗಳಿಗೆ ಅಷ್ಟೇ ಸಾಕಾಯಿತು, ಕಸುಬಿನವರ ಹೊಟ್ಟೆಗೆ ಮಾತ್ರ ಪೆಟ್ಟು ಬಿತ್ತು. 2006ರಲ್ಲಿ ಗೆಟ್ಟಿ ಅದನ್ನೂ 5 ಕೋಟಿ ಡಾಲರಿಗೆ ಕೊಂಡಿತು.

ನಿಜವಾಗಿ ಪುಕ್ಕಟೆ ಎನ್ನುವಂಥದ್ದು ಕಾನೂನಿನ ಹೊಸ ಒಪ್ಪಂದವೊಂದರಿಂದ ಬಂತು. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರ ಡಿಸೆಂಬರಿನಲ್ಲಿ ಸಿದ್ಧ ಪರವಾನಗಿಗಳನ್ನು ಹೊರಡಿಸಿತು. ಹೆಸರು ಹಾಕಿ ಬಳಸಿ, ವ್ಯಾಪಾರಕ್ಕೂ ಬಳಸಿ ಎಂದೆಲ್ಲ ಫೋಟೊ ತೆಗೆದವರೇ ಮುಂಚಿತವಾಗಿ ಹೇಳಿಬಿಡುವ ವ್ಯವಸ್ಥೆ ಅದು. 2004ರಲ್ಲಿ ಶುರುವಾದ ಫೋಟೊ ಹಂಚಿಕೆಯ ತಾಣ ಫ್ಲಿಕರ್ ಅದನ್ನು ಅಳವಡಿಸಿಕೊಂಡಿತು. ಮೂರೇ ವರ್ಷಕ್ಕೆ ಹಿಟ್ಟಿನ ಗಿರಣಿಯ ಪ್ರಕರಣ ಮರುಕಳಿಸಿತು. ವರ್ಜಿನ್ ಮೊಬೈಲ್‌ನ ಆಸ್ಟ್ರೇಲಿಯಾ ಶಾಖೆ ಫ್ಲಿಕರಿನಿಂದ ಟೆಕ್ಸಸ್‌ನ ಹದಿಹರೆಯದ ಹುಡುಗಿಯೊಬ್ಬಳ ಫೋಟೊ ತೆಗೆದುಕೊಂಡು ಬಸ್ ನಿಲ್ದಾಣದ ಜಾಹೀರಾತಿಗೆ ಹಾಕಿತು. ಫೋಟೊ ತೆಗೆದವರ ಪರವಾನಗಿ ಇತ್ತು, ಹುಡುಗಿಯ ಒಪ್ಪಿಗೆ ಇರಲಿಲ್ಲ. ದಾವೆ ಟೆಕ್ಸಸ್ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲವೆಂಬ ಕಾರಣಕ್ಕೆ ಬಿದ್ದುಹೋಯಿತು, ಮೂಲ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಇಂದು ಸಣ್ಣ ವ್ಯಾಪಾರಿಗಳು ಹುಡುಕುವ ತಾಣಗಳೆಲ್ಲ ಇದಾದ ಮೇಲಿನವು. ಪಿಕ್ಸಾಬೇ 2010ರಲ್ಲಿ ಜರ್ಮನಿಯಲ್ಲಿ ಹುಟ್ಟಿತು. 2013ರಲ್ಲಿ ಮಾಂಟ್ರಿಯಲ್‌ನ ಪುಟ್ಟ ಕಂಪನಿಯೊಂದು ತನ್ನ ಜಾಲತಾಣಕ್ಕೆ ತೆಗೆಸಿ ಉಳಿದ ಹತ್ತು ಫೋಟೊಗಳನ್ನು ಯಾರು ಬೇಕಾದರೂ ಬಳಸಲಿ ಎಂದು ಹಾಕಿತು, ಅದೇ ಅನ್‌ಸ್ಪ್ಲಾಶ್ ಆಯಿತು. ಪೆಕ್ಸೆಲ್ಸ್ ಮರುವರ್ಷದ್ದು. ಆರಂಭದಲ್ಲಿ ಅನ್‌ಸ್ಪ್ಲಾಶ್, ಪಿಕ್ಸಾಬೇಗಳ ಫೋಟೊಗಳ ಮೇಲೆ ತೆಗೆದವರು ಯಾವ ಹಕ್ಕನ್ನೂ ಉಳಿಸಿಕೊಂಡಿರಲಿಲ್ಲ. ಅನ್‌ಸ್ಪ್ಲಾಶ್ 2017ರಲ್ಲಿ, ಪಿಕ್ಸಾಬೇ 2019ರಲ್ಲಿ ತಮ್ಮದೇ ಷರತ್ತುಗಳಿಗೆ ಬದಲಾದವು. ಈಗಲೂ ಹಣ ಕೊಡಬೇಕಿಲ್ಲ, ಆದರೆ ಫೋಟೊವನ್ನು ಹಾಗೇ ಮಾರುವಂತಿಲ್ಲ. ಪೆಕ್ಸೆಲ್ಸ್‌ನ ಫೋಟೊ ಟ್ರೇಡ್‌ಮಾರ್ಕಿನ ಭಾಗವಾಗುವಂತಿಲ್ಲ, ಲೋಗೊಗೆ ಫೋಟೊ ಹುಡುಕುವವರ ಕಣ್ಣಿಗೆ ಬೀಳದೇ ಹೋಗುವ ಸಾಲು ಇದು. 2019ರಲ್ಲಿ ಪೆಕ್ಸೆಲ್ಸ್ ಮತ್ತು ಪಿಕ್ಸಾಬೇ ವಿನ್ಯಾಸದ ತಾಣವಾದ ಕ್ಯಾನ್ವಾದ ಪಾಲಾದವು, 2021ರಲ್ಲಿ ಅನ್‌ಸ್ಪ್ಲಾಶ್ ಗೆಟ್ಟಿಯ ಪಾಲಾಯಿತು. ಇವೆಲ್ಲಕ್ಕಿಂತ ಹಳೆಯದೂ ಗಟ್ಟಿಯಾದದ್ದೂ ಅಮೆರಿಕ ಸರ್ಕಾರದ ಭಂಡಾರ. ಅಲ್ಲಿನ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ತೆಗೆದ ಫೋಟೊಗಳಿಗೆ ಆ ದೇಶದಲ್ಲಿ ಕೃತಿಸ್ವಾಮ್ಯವೇ ಇಲ್ಲ. ನಾಸಾದ ಚಿತ್ರಗಳು ಎಲ್ಲೆಡೆ ಕಾಣುವುದು ಅದಕ್ಕೇ.

ಕರ್ನಾಟಕದ ಅಂಗಡಿಗೆ ಅಲ್ಲೆಲ್ಲ ಹುಡುಕಿದರೂ ಒಂದು ಕೊರತೆ ಉಳಿಯುತ್ತದೆ. ಅಡುಗೆಮನೆ ಎಂದರೆ ಅಲ್ಲಿ ಓವನ್ನೇ ಹೆಚ್ಚು, ಒಗ್ಗರಣೆ ಸೌಟು ಅಪರೂಪ. ಭಾರತದ ಮುಖಗಳಿಗಾಗಿಯೇ ಮುಂಬೈಯ ದಿನೋಡಿಯಾ 1987ರಿಂದ, ಇಮೇಜಸ್‌ಬಜಾರ್ 2006ರಿಂದ ನಡೆದುಬಂದವು, ಆದರೆ ಅವು ಪುಕ್ಕಟೆಯಲ್ಲ. ಊರಿನ ಸ್ಟುಡಿಯೊದವರನ್ನೇ ಕರೆಸಿ ತೆಗೆಸುವವರಿಗೆ ಇಲ್ಲಿನ ಕಾನೂನು ಅನುಕೂಲಕರವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಹಣ ಕೊಟ್ಟು ತೆಗೆಸಿದವರೇ ಫೋಟೊದ ಮೊದಲ ಒಡೆಯರು. ಅದರಲ್ಲಿ ಕಾಣುವ ಕೆಲಸಗಾರರ, ಗಿರಾಕಿಗಳ ಒಪ್ಪಿಗೆಯನ್ನು ಮಾತ್ರ ಬೇರೆಯಾಗಿ ಪಡೆಯಬೇಕು. ಒಬ್ಬರ ಹೆಸರನ್ನಾಗಲಿ ಚಿತ್ರವನ್ನಾಗಲಿ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆಗೆ ಉದಾಹರಣೆ ಎಂದು ಸುಪ್ರೀಂ ಕೋರ್ಟ್ 1994ರ ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ.